ಯುರೇನಿಯಂ ಕಲ್ಲು, ಹಳದಿ ಪುಡಿ, ಬಾಂಬು: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ಖನಿಜ ಸಾಗಿಸುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಕಾಂಗೋದಲ್ಲಿ ಜನ ಬರಿಗೈಯಲ್ಲಿ ಯುರೇನಿಯಂ ಗಣಿ ಅಗೆಯುವ ವಿಡಿಯೋ ನೋಡಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಇಲ್ಲ. ಹಾಗೆ ಅಗೆದ ಅದಿರು ಕಳ್ಳದಾರಿಯಲ್ಲಿ ಹೋಗಿ ಯಾರದೋ ಕೈಯಲ್ಲಿ ಬಾಂಬ್ ಆಗಬಹುದಾ? ಇನ್ನೊಂದು ವಿಷಯ. ವ್ಯವಹಾರದಲ್ಲಿ ಪರಿಚಯವಾದ ಒಬ್ಬರು ಕಳೆದ ತಿಂಗಳು ಒಂದು ಕಪ್ಪು ಕಲ್ಲನ್ನು ನನ್ನ ಕೈಗೆ ಕೊಟ್ಟರು. ಹಳದಿ ಪುಡಿ ತುಂಬಿದ ಡಬ್ಬಿಯ ಫೋಟೋ ತೋರಿಸಿದರು. "ಲ್ಯಾಬ್ ಸರ್ಟಿಫಿಕೇಟ್ ಇದೆ, ಕಿಲೋಗೆ ಕೋಟಿಗಟ್ಟಲೆ ಬರುತ್ತೆ, ಕೊಳ್ಳೋರು ರೆಡಿ ಇದ್ದಾರೆ. ಸಾಗಣೆ ಕಾಗದ ಮಾಡಿಕೊಡಿ, ಸ್ವಲ್ಪ ಮುಂಗಡ ಹಾಕಿ" ಅಂದರು. ನಾನು ಒಪ್ಪಲಿಲ್ಲ. ಆದರೆ ಯಾರಿಗೂ ಹೇಳಲೂ ಇಲ್ಲ. ಕಲ್ಲು ಮುಟ್ಟಿದ್ದರಿಂದ ನನಗೇನಾದರೂ ಆಗುತ್ತಾ? ಈಗ ಸುಮ್ಮನಿದ್ದರೆ ತಪ್ಪಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಗಣಿಯ ಕಲ್ಲು ಬಾಂಬ್ ಆದೀತು ಅನ್ನೋದು ಒಂದು, ನಿಮಗೆ ತೋರಿಸಿದ್ದು ನಿಜವಾದ ಮಾಲೇ ಇರಬಹುದು ಅನ್ನೋದು ಇನ್ನೊಂದು, ಮುಟ್ಟಿದ ಕೈಗೆ ಏನಾಯಿತೋ ಅನ್ನೋದು ಮೂರನೆಯದು. ವಿಕಿರಣ ಸುರಕ್ಷತೆಯ ಕೆಲಸದಲ್ಲಿರುವ ನನ್ನ ಹತ್ತಿರ ಬರುವವರು ಈ ಮೂರನ್ನೂ ಹೀಗೇ ಒಟ್ಟಿಗೆ ಕೇಳುತ್ತಾರೆ. ಎರಡನೆಯದು ತುರ್ತಿನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಸುಮ್ಮನಿರಬೇಡಿ, ದೂರು ಕೊಡಿ. ಯಾಕೆ, ಹೇಗೆ ಅನ್ನೋದು ಮುಂದೆ ಬರುತ್ತೆ.

ಈಗ ಕಲ್ಲಿನ ವಿಷಯ. ನೆಲದಿಂದ ಅಗೆದ ಯುರೇನಿಯಂ ಯಾವ ದೇಶದ್ದೇ ಆಗಲಿ, ಅದರಲ್ಲಿ 99.3% ಇರೋದು ಯುರೇನಿಯಂ-238. ಬಾಂಬಿಗೆ ಬೇಕಾದ ಯುರೇನಿಯಂ-235 ಬರೀ 0.7%. ಎರಡೂ ಒಂದೇ ಧಾತು, ಆಸಿಡ್ ಹಾಕಿದರೂ ಕಾಯಿಸಿದರೂ ಒಂದೇ ಥರ ನಡೆದುಕೊಳ್ಳುತ್ತವೆ. ಹಾಗಾಗಿ ಮನೆಯ ಗ್ಯಾರೇಜಿನಲ್ಲಿ ಕೂತು ಬೇರೆ ಮಾಡುವ ಮಾತೇ ಇಲ್ಲ. ಎರಡರ ತೂಕದಲ್ಲಿರುವ ಚೂರು ವ್ಯತ್ಯಾಸವನ್ನೇ ನಂಬಿಕೊಂಡು, ಅದನ್ನು ಅನಿಲವಾಗಿಸಿ, ವಿಪರೀತ ವೇಗದಲ್ಲಿ ತಿರುಗುವ ಸಾವಿರಾರು ಸೆಂಟ್ರಿಫ್ಯೂಜ್‌ಗಳಲ್ಲಿ ತಿಂಗಳುಗಟ್ಟಲೆ ಹಾಯಿಸಬೇಕು. ಇದಕ್ಕೇ ಸಂವರ್ಧನೆ ಅನ್ನೋದು. ವಿದ್ಯುತ್ ಸ್ಥಾವರಕ್ಕೆ ಯುರೇನಿಯಂ-235ರ ಪಾಲು ಸಾಮಾನ್ಯವಾಗಿ 3ರಿಂದ 5%ಗೆ ಏರಿದರೆ ಸಾಕು. ಬಾಂಬಿನ ದರ್ಜೆ ಅಂದರೆ ಸುಮಾರು 90%.

ಒಂದು ಲೆಕ್ಕ ನೋಡಿ. ಒಂದು ಬಾಂಬ್ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣ ಅಂತ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಐಎಇಎ, ಇಟ್ಟುಕೊಂಡಿರೋದು ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿರುವ 25 ಕಿಲೋ ಯುರೇನಿಯಂ-235. ಅಷ್ಟು ಸಿಗಬೇಕಾದರೆ ಸುಮಾರು 6 ಟನ್ ನೈಸರ್ಗಿಕ ಯುರೇನಿಯಂ ಬೇಕು. ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಸಿಗುವ ಸಾಧಾರಣ ಗಣಿಯಾದರೆ 6,000 ಟನ್ ಕಲ್ಲು ಅಗೆದು, ಅರೆದು, ಸೋಸಬೇಕು. ಅಷ್ಟಾದ ಮೇಲೆ ಸಂವರ್ಧನೆಯ ಕಾರ್ಖಾನೆ ಬೇಕು. ಇದು ಒಂದು ಗುಂಪಿನ ಕೈಲಾಗುವ ಕೆಲಸ ಅಲ್ಲ, ಒಂದು ದೇಶವೇ ನಿಂತು ಮಾಡಬೇಕಾದದ್ದು.

ನೀವು ನೋಡಿದ ವಿಡಿಯೋ ಕಾಂಗೋದ ಶಿಂಕೊಲೊಬ್ವೆ ಗಣಿಯದ್ದೇ ಇರಬೇಕು. ಅದು ಸಾಧಾರಣ ಗಣಿ ಅಲ್ಲ ಅನ್ನೋದು ನಿಜ. ಅಲ್ಲಿನ ಒಳ್ಳೆಯ ಅದಿರಿನಲ್ಲಿ ಯುರೇನಿಯಂ ಆಕ್ಸೈಡ್ 65%ವರೆಗೂ ಇತ್ತು, ಜಗತ್ತಿನಲ್ಲಿ ಅಂಥದ್ದು ತೀರಾ ಅಪರೂಪ. ಆಗ ಅದು ಬೆಲ್ಜಿಯಂ ಆಳ್ವಿಕೆಯ ಕಾಂಗೋ. ಗಣಿ ಕಂಪನಿಯ ಮುಖ್ಯಸ್ಥ ಎಡ್ಗರ್ ಸೆಂಜಿಯೇ 1940ರಲ್ಲಿ ಸುಮಾರು 1,200 ಟನ್ ಅದಿರನ್ನು ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಗೋದಾಮಿಗೆ ಸಾಗಿಸಿಟ್ಟಿದ್ದರು. ಅಮೆರಿಕದ ಮೊದಲ ಬಾಂಬುಗಳ ಯೋಜನೆಗೆ ಯುರೇನಿಯಂ ಬಹುಪಾಲು ಬಂದದ್ದು ಈ ಗಣಿಯಿಂದಲೇ. ಆದರೆ ಅಷ್ಟು ಶ್ರೀಮಂತ ಅದಿರು ಕೈಯಲ್ಲಿದ್ದರೂ ಅಮೆರಿಕ ಸಂವರ್ಧನೆಗೆ ಅಂತ ಓಕ್ ರಿಡ್ಜ್ ಅನ್ನುವ ಊರನ್ನೇ ಹೊಸದಾಗಿ ಕಟ್ಟಿ, ಹತ್ತಾರು ಸಾವಿರ ಜನರನ್ನು ದುಡಿಸಬೇಕಾಯಿತು. "ಅದಿರು ಸಿಕ್ಕರೆ ಬಾಂಬ್ ಸಿಕ್ಕಂತೆ" ಅನ್ನುವವರು ನಡುವಿನ ಈ ಭಾಗವನ್ನೇ ಹಾರಿಸಿಬಿಡುತ್ತಾರೆ.

ಹಾಗಾದರೆ ಕಳ್ಳಸಾಗಣೆಯ ಭಯವೇ ಸುಳ್ಳಾ? ಅಲ್ಲ. ಅದು ಇರೋದು ಬೇರೆ ಕಡೆ. ಆ ಕಷ್ಟದ ಕೆಲಸವನ್ನು ಯಾರೋ ಆಗಲೇ ಮಾಡಿ ಮುಗಿಸಿ, ಕಪಾಟಿನಲ್ಲಿ ಇಟ್ಟಿದ್ದಾರಲ್ಲ, ಅಲ್ಲಿ. ಜಗತ್ತಿನಲ್ಲಿ ಇವತ್ತು ಹೆಚ್ಚು ಸಂವರ್ಧಿತ ಯುರೇನಿಯಂ 1,000 ಟನ್ನಿಗಿಂತ ಜಾಸ್ತಿ ಇದೆ. ಅದರಲ್ಲಿ ಇಪ್ಪತ್ತೈದು ಮೂವತ್ತು ಕಿಲೋ ಹೊರಗೆ ಬಂದರೂ ಸಾಕು.

ರಷ್ಯಾದ ಪೊಡೊಲ್ಸ್ಕ್‌ನಲ್ಲಿ 1992ರಲ್ಲಿ ನಡೆದದ್ದನ್ನು ನಾನು ತರಬೇತಿಗಳಲ್ಲಿ ತಪ್ಪದೆ ಹೇಳುತ್ತೇನೆ. ಅಲ್ಲಿನ ಪರಮಾಣು ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಒಬ್ಬ ಎಂಜಿನಿಯರ್. ಕೆಲಸದಲ್ಲಿ ಇಷ್ಟು ಶೇಕಡಾ ಮಾಲು ಅಲ್ಲಿ ಇಲ್ಲಿ ಉಳಿದು ನಷ್ಟವಾಗುತ್ತೆ ಅಂತ ಲೆಕ್ಕದಲ್ಲೇ ಬಿಟ್ಟುಬಿಡುತ್ತಿದ್ದರು. ಈತ ಹುಷಾರಾಗಿ ಕೆಲಸ ಮಾಡಿ, ನಷ್ಟ ಕಡಿಮೆ ಮಾಡಿ, ಮಿಕ್ಕಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಮನೆಗೆ ಒಯ್ದ. ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಕೆಲವೇ ತಿಂಗಳಲ್ಲಿ ಸುಮಾರು ಒಂದೂವರೆ ಕಿಲೋ, 90% ಸಂವರ್ಧಿತ ಯುರೇನಿಯಂ, ಆತನ ಮನೆಯ ಬಾಲ್ಕನಿಯಲ್ಲಿ ಕೂತಿತ್ತು. ಆತನಿಗೆ ಬೇಕಾಗಿದ್ದದ್ದು ಒಂದು ಫ್ರಿಜ್, ಒಂದು ಹೊಸ ಒಲೆ. ಸೋವಿಯತ್ ಒಕ್ಕೂಟ ಒಡೆದು ಸಂಬಳಕ್ಕೆ ಬೆಲೆ ಇಲ್ಲದಂತಾದ ಕಾಲ ಅದು. ಕೊನೆಗೆ ಸಿಕ್ಕಿಬಿದ್ದದ್ದೂ ರೈಲ್ವೆ ಸ್ಟೇಷನ್ನಿನಲ್ಲಿ. ಪೊಲೀಸರು ಹಿಡಿಯಲು ಬಂದಿದ್ದು ಬ್ಯಾಟರಿ ಕದ್ದಿದ್ದ ಆತನ ಪರಿಚಯದವರನ್ನು, ಅವರ ಜೊತೆ ಈತನೂ ಸಿಕ್ಕಿದ. ಅಂದರೆ ಯಾವ ಯಂತ್ರವೂ ಯಾವ ಲೆಕ್ಕವೂ ಹಿಡಿಯಲಿಲ್ಲ.

ಆಮೇಲೆ ನಡೆದವನ್ನು ಬೇಗ ಹೇಳಿಬಿಡುತ್ತೇನೆ. 1994ರ ಡಿಸೆಂಬರಿನಲ್ಲಿ ಪ್ರಾಗ್‌ನಲ್ಲಿ ಒಂದು ಕಾರಿನಲ್ಲಿ 2.7 ಕಿಲೋ ಸಿಕ್ಕಿತು, ಅದು 87.7% ಸಂವರ್ಧಿತ. 1999ರಲ್ಲಿ ಬಲ್ಗೇರಿಯಾದ ಗಡಿಯಲ್ಲಿ ಸಿಕ್ಕಿದ್ದು ಕೆಲವೇ ಗ್ರಾಂ. ಸೀಸದ ಡಬ್ಬಿಯಲ್ಲಿಟ್ಟು, ಕಾರಿನ ಟೈರಿಗೆ ಗಾಳಿ ಹಾಕುವ ಪಂಪಿನೊಳಗೆ ಅಡಗಿಸಿದ್ದರು. ಜಾರ್ಜಿಯಾದಲ್ಲಿ 2006ರಲ್ಲಿ ಒಬ್ಬನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ 79.5 ಗ್ರಾಂ, 2010ರಲ್ಲಿ ಸೀಸ ಸುತ್ತಿದ ಸಿಗರೇಟ್ ಪ್ಯಾಕಿನಲ್ಲಿ 18 ಗ್ರಾಂ. ಇವುಗಳಲ್ಲಿ ನನಗೆ ದಿಗಿಲು ಹುಟ್ಟಿಸೋದು ಸಿಕ್ಕ ಗ್ರಾಂಗಳಲ್ಲ. ತಂದವರು "ಇದು ಸ್ಯಾಂಪಲ್, ಇನ್ನೂ ಜಾಸ್ತಿ ಇದೆ" ಅಂದದ್ದು. ಅದು ಬಡಾಯಿಯಾ, ನಿಜವಾ ಅಂತ ತಿಳಿಯಬೇಕಾದರೆ ಮಾಲು ಹೊರಟ ಜಾಗದ ಲೆಕ್ಕ ನೆಟ್ಟಗಿರಬೇಕು, ಅಲ್ವಾ? ಅಲ್ಲೇ ತೂತಿತ್ತು.

ಕಾಂಗೋದಲ್ಲೂ ಹೀಗೇ. ಎಲ್ಲರೂ ಶಿಂಕೊಲೊಬ್ವೆಯ ಗುಂಡಿ ನೋಡುತ್ತಾರೆ. ರಾಜಧಾನಿ ಕಿನ್ಶಾಸಾದಲ್ಲಿ 1959ರಿಂದ ಒಂದು ಸಂಶೋಧನಾ ರಿಯಾಕ್ಟರ್ ಇತ್ತು. ಅದರ ಎರಡು ಇಂಧನ ಸರಳುಗಳು ಕಾಣೆಯಾದವು. ಒಂದು 1998ರಲ್ಲಿ ಇಟಲಿಯಲ್ಲಿ ಮಾಫಿಯಾದವರ ಕೈಯಲ್ಲಿ ಸಿಕ್ಕಿತು. ಅದು ಬಾಂಬಿನ ದರ್ಜೆಯದ್ದಲ್ಲ. ಆದರೂ ಸೋರಿದ್ದು ಗಣಿಯಿಂದಲ್ಲ, ಬೀಗ ಹಾಕಿದ ಕಟ್ಟಡದಿಂದ ಅನ್ನೋದನ್ನು ಗಮನಿಸಿ.

ಹಾಗಂತ ಅಕ್ರಮ ಅದಿರನ್ನು ಕಡೆಗಣಿಸಿ ಅಂತ ಹೇಳುತ್ತಿಲ್ಲ. ಅದರಲ್ಲಿ ಮೂರು ಬಗೆಯ ಅಪಾಯ ಇದೆ. ಮೊದಲನೆಯದು, ಗುಟ್ಟಾಗಿ ಸಂವರ್ಧನೆ ಮಾಡಬಲ್ಲ ದೇಶಕ್ಕೆ ಲೆಕ್ಕಕ್ಕೆ ಸಿಗದ ಯುರೇನಿಯಂ ಬೇಕಾಗುತ್ತೆ. ಐಎಇಎಯ ಪೂರ್ಣ ನಿಗಾ ಶುರುವಾಗೋದು ಮಾಲು ಇಂಧನಕ್ಕೆ ತಕ್ಕಷ್ಟು ಶುದ್ಧವಾದ ಮೇಲೆ. ಅದಿರು, ಅದನ್ನು ಅರೆದು ಸೋಸಿ ತೆಗೆದ ಹಳದಿ ಪುಡಿಯ ಹಂತದಲ್ಲಿ ಹಿಡಿತ ಸಡಿಲವಾಗಿಯೇ ಇದೆ. 2023ರ ಮಾರ್ಚ್‌ನಲ್ಲಿ ಲಿಬಿಯಾದ ಒಂದು ಜಾಗದಲ್ಲಿ ಹತ್ತು ಡ್ರಮ್, ಅಂದರೆ ಸುಮಾರು 2.5 ಟನ್ ಯುರೇನಿಯಂ ಕಾಣುತ್ತಿಲ್ಲ ಅಂತ ಐಎಇಎ ಹೇಳಿತು. ಕೆಲವೇ ದಿನಗಳಲ್ಲಿ, ಡ್ರಮ್ಮುಗಳು ಚಾಡ್ ಗಡಿಯ ಕಡೆಯ ಮರುಭೂಮಿಯಲ್ಲಿ ಸಿಕ್ಕಿವೆ ಅಂತ ಅಲ್ಲಿನ ಸಶಸ್ತ್ರ ಪಡೆ ಹೇಳಿತು. ಅಂಥ ಡ್ರಮ್ಮಿಗೆ ಕಾವಲು ಎಷ್ಟಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಎರಡನೆಯದು ದುಡ್ಡು. ಮ್ಯಾನ್ಮಾರ್‌ನ ಒಂದು ಸಶಸ್ತ್ರ ಗುಂಪು ಯುರೇನಿಯಂ ಮಾರಿ ಆಯುಧ ಕೊಳ್ಳಲು ಹೊರಟಿತ್ತು ಅನ್ನುವ ಪ್ರಕರಣ 2024ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಬಂತು. ನಡುವೆ ನಿಂತು ವ್ಯಾಪಾರ ಕುದುರಿಸಿದವನು ಜಪಾನಿನ ಯಾಕುಜಾ ಅನ್ನುವ ಅಪರಾಧಿ ತಂಡದ ನಾಯಕ, 2025ರ ಜನವರಿಯಲ್ಲಿ ತಪ್ಪೊಪ್ಪಿಕೊಂಡ. ಕೊಳ್ಳಲು ಬಂದಂತೆ ನಟಿಸಿದ್ದು ಅಮೆರಿಕದ ಅಧಿಕಾರಿ. ಪರೀಕ್ಷೆಯಲ್ಲಿ ಆ ಸ್ಯಾಂಪಲ್ಲುಗಳಲ್ಲಿ ಯುರೇನಿಯಂ, ಥೋರಿಯಂ ಜೊತೆಗೆ ಆಯುಧ ದರ್ಜೆಯ ಪ್ಲುಟೋನಿಯಂ ಕೂಡ ಕಂಡಿತು. ಪ್ಲುಟೋನಿಯಂ ಗಣಿಯಲ್ಲಿ ಸಿಗುವ ವಸ್ತುವಲ್ಲ, ರಿಯಾಕ್ಟರಿನಲ್ಲೇ ತಯಾರಾಗಬೇಕು. ಹಾಗಾಗಿ ಅದು ಅಲ್ಲಿಗೆ ಬಂದದ್ದು ಹೇಗೆ ಅನ್ನೋದು ಆ ಪ್ರಕರಣದ ಅತಿ ಗಂಭೀರ ಪ್ರಶ್ನೆ.

ಮೂರನೆಯದು ಅಗೆಯುವ ಮನುಷ್ಯ. ಇದರ ಬಗ್ಗೆ ಮಾತಾಡುವವರು ತುಂಬಾ ಕಡಿಮೆ, ನನಗೆ ಬೇಜಾರಾಗೋದೂ ಇಲ್ಲೇ. ಶಿಂಕೊಲೊಬ್ವೆಯ ಸುರಂಗಗಳನ್ನು 1960ರ ಹೊತ್ತಿಗೆ ಕಾಂಕ್ರೀಟ್ ಸುರಿದು ಮುಚ್ಚಿದ್ದರು. 1990ರ ದಶಕದ ಕೊನೆಯಲ್ಲಿ ಜನ ಮತ್ತೆ ಬಂದರು. ಯುರೇನಿಯಂಗೆ ಅಲ್ಲ, ಕೋಬಾಲ್ಟ್‌ಗೆ. ಒಂದೇ ನೆಲದಲ್ಲಿ ಎರಡೂ ಬೆರೆತಿವೆ. ಗುದ್ದಲಿಗೆ ಸಿಕ್ಕ ಕಲ್ಲನ್ನು ಮೂಟೆ ಕಟ್ಟಿ ಮಾರುತ್ತಾರೆ, ಯುರೇನಿಯಂ ಅದರ ಜೊತೆ ತಾನಾಗಿ ಹೋಗುತ್ತೆ. 2004ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ಗಣಿ ಮುಚ್ಚಿತು. ಜುಲೈನಲ್ಲಿ ಒಂದು ಭಾಗ ಕುಸಿದು ಎಂಟು ಜನ ಸತ್ತರು. ಮುಚ್ಚಿದ ಗಣಿಯಲ್ಲಿ ಎಂಟು ಸಾವು! ಆದೇಶ ಹೊರಟ ಮೇಲೂ ಅಗೆತ ನಿಂತಿರಲಿಲ್ಲ.

ಕುಸಿತ ಕಣ್ಣಿಗೆ ಕಾಣುತ್ತೆ, ಸುದ್ದಿಯಾಗುತ್ತೆ. ರೇಡಾನ್ ಕಾಣಲ್ಲ. ಯುರೇನಿಯಂ ನಿಧಾನವಾಗಿ ಕ್ಷಯಿಸುತ್ತಾ ರೇಡಿಯಂ ಆಗುತ್ತೆ, ರೇಡಿಯಂನಿಂದ ರೇಡಾನ್ ಅನಿಲ ಬರುತ್ತೆ. ಗಾಳಿಯಾಡದ ಕಿರಿದಾದ ಗುಂಡಿಯಲ್ಲಿ ಅದು ತುಂಬಿಕೊಂಡು, ಅದು ಕ್ಷಯಿಸಿದಾಗ ಹುಟ್ಟುವ ವಿಕಿರಣ ಕಣಗಳು ಉಸಿರಿನ ಜೊತೆ ಶ್ವಾಸಕೋಶ ಸೇರುತ್ತವೆ. ಕ್ಯಾನ್ಸರ್ ಕಾಣಿಸೋದು ವರ್ಷಗಳಾದ ಮೇಲೆ, ಅಷ್ಟರಲ್ಲಿ ಆತ ಎಲ್ಲಿ ಅಗೆದಿದ್ದ ಅನ್ನೋದೂ ಯಾರಿಗೂ ನೆನಪಿರಲ್ಲ. ಇದು ಊಹೆಯಲ್ಲ. ಅಮೆರಿಕದಲ್ಲಿ ನವಾಹೋ ಬುಡಕಟ್ಟಿನ ಗಣಿ ಕೆಲಸಗಾರರು ಹೀಗೇ ಸತ್ತರು, ಅಂಥವರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 1990ರಲ್ಲಿ. ಯುರೇನಿಯಂ ತೆಗೆದು ಉಳಿದ ಮಣ್ಣಿನಲ್ಲೂ ಮೂಲ ಅದಿರಿನ ವಿಕಿರಣದ ಸುಮಾರು 85% ಹಾಗೇ ಇರುತ್ತೆ. ಅದನ್ನು ಹಳ್ಳಕ್ಕೆ ಸುರಿದರೆ ನೀರಿಗೆ, ಇಟ್ಟಿಗೆಗೆ ಬೆರೆಸಿದರೆ ಮನೆಗೆ ಬರುತ್ತೆ.

ಗಣಿಗೆ ಏನು ಮಾಡಬೇಕು ಅಂತ ನೀವು ನೇರವಾಗಿ ಕೇಳಿಲ್ಲ. ಆದರೂ ನಿಮ್ಮ ಕೆಲಸಕ್ಕೆ ಸಂಬಂಧ ಇರೋದರಿಂದ ಹೇಳುತ್ತೇನೆ. ಪೂರ್ತಿ ಮುಚ್ಚಿ ಕಾವಲು ಹಾಕೋದು ಮೊದಲು ಹೊಳೆಯುವ ದಾರಿ. ಆದರೆ ಹಸಿದವರು ರಾತ್ರಿ ಬರುತ್ತಾರೆ, ಕಾವಲಿನವನು ಲಂಚ ಕೇಳುತ್ತಾನೆ, ಅಗೆತ ಇನ್ನೂ ಆಳಕ್ಕೆ, ಇನ್ನೂ ಕತ್ತಲಿಗೆ ಹೋಗುತ್ತೆ. ಸಣ್ಣ ಅಗೆತವನ್ನು ಕಾನೂನಿನೊಳಗೆ ತಂದು, ಗಾಳಿ ವ್ಯವಸ್ಥೆ ಮಾಡಿಸಿ, ಮಾಲು ಕೊಳ್ಳುವ ಜಾಗದಲ್ಲೇ ಪ್ರತಿ ಮೂಟೆಗೆ ವಿಕಿರಣ ಮೀಟರ್ ಹಿಡಿದು ಬೇರ್ಪಡಿಸೋದು ಇನ್ನೊಂದು ದಾರಿ. ಇದರಲ್ಲೂ ತೊಡಕಿದೆ: ಬೇರ್ಪಡಿಸಿದ ಕಲ್ಲನ್ನು ಯಾರೂ ಇಟ್ಟುಕೊಳ್ಳದಿದ್ದರೆ ಅದೇ ಒಂದು ಕಳ್ಳ ದಾಸ್ತಾನು ಆಗುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಕೋಬಾಲ್ಟಿನ ಸುತ್ತ ಎರಡನೆಯದೇ ಸರಿ, ಯುರೇನಿಯಂ ದಟ್ಟವಾಗಿರುವ ಶಿಂಕೊಲೊಬ್ವೆಯಂಥ ಗುಂಡಿಗೆ ಮುಚ್ಚುವುದು ಬಿಟ್ಟು ಬೇರೆ ದಾರಿ ಇಲ್ಲ, ಜೊತೆಗೆ ಅಲ್ಲಿನವರಿಗೆ ಬೇರೆ ಕೆಲಸ ಕೊಡಲೇಬೇಕು. ಆ ಕೊನೆಯ ಭಾಗಕ್ಕೆ ದುಡ್ಡು ಇಡದೆ ಮುಚ್ಚಿದ್ದೇವೆ ಅನ್ನೋದು ಕಾಗದದ ಮಾತು.

ಗಡಿಯಲ್ಲಿ ನಿಲ್ಲಿಸುವ ವಿಕಿರಣ ಪತ್ತೆ ಯಂತ್ರದ ಮೇಲೂ ಪೂರ್ತಿ ಭಾರ ಹಾಕಬೇಡಿ. ಆಸ್ಪತ್ರೆ, ಕಾರ್ಖಾನೆಗಳಲ್ಲಿ ಬಳಸುವ ಸೀಸಿಯಂ-137, ಕೋಬಾಲ್ಟ್-60 ಥರದ ಜೋರು ವಿಕಿರಣ ಮೂಲಗಳನ್ನು ಅದು ಚೆನ್ನಾಗಿ ಹಿಡಿಯುತ್ತೆ. ಹೆಚ್ಚು ಸಂವರ್ಧಿತ ಯುರೇನಿಯಂನ ಕಿರಣ ಮಾತ್ರ ಮಂದ, ತೆಳುವಾದ ಸೀಸವೇ ಅದನ್ನು ಮರೆಮಾಡುತ್ತೆ. ಅದಕ್ಕೇ ಹೊರಗೆ ಹುಡುಕುವುದಕ್ಕಿಂತ ಒಳಗಿನ ದಾಸ್ತಾನನ್ನು ಕಡಿಮೆ ಮಾಡೋದರಲ್ಲಿ ನನಗೆ ನಂಬಿಕೆ ಜಾಸ್ತಿ. ಮಾಡಿ ತೋರಿಸಿದ್ದೂ ಇದೆ. 1994ರಲ್ಲಿ ಕಜಕಿಸ್ತಾನದಿಂದ ಸುಮಾರು 600 ಕಿಲೋ ಎತ್ತಿ ಅಮೆರಿಕಕ್ಕೆ ಒಯ್ದರು. 1993ರಿಂದ 2013ರ ನಡುವೆ ರಷ್ಯಾದ ಬಾಂಬುಗಳ 500 ಟನ್ ಯುರೇನಿಯಂ ತೆಳುವಾಗಿಸಿ ವಿದ್ಯುತ್ ಇಂಧನ ಮಾಡಿದರು. ನೂರಾರು ಗಡಿ ಯಂತ್ರ ಸೇರಿದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಈಗ ನಿಮ್ಮ ಪರಿಚಯದವರ ಹಳದಿ ಪುಡಿಗೆ ಬರೋಣ. ಕಾನೂನಿನ ಮಾರುಕಟ್ಟೆಯಲ್ಲಿ ಹಳದಿ ಯುರೇನಿಯಂ ಪುಡಿಗೆ ಕಿಲೋಗೆ ಕೋಟಿ ಅಲ್ಲ, ನೂರಿನ್ನೂರು ಡಾಲರ್ ಆಸುಪಾಸು. ಕೊಳ್ಳೋದು ವಿದ್ಯುತ್ ಕಂಪನಿಗಳು, ಅದೂ ಟನ್ನುಗಟ್ಟಲೆ, ವರ್ಷಗಳ ಒಪ್ಪಂದದಲ್ಲಿ. ಅವರಾರೂ ಡಬ್ಬಿಯ ಫೋಟೋ ನೋಡಿ ಕೊಳ್ಳಲ್ಲ. ಡಬ್ಬಿ, ಸರ್ಟಿಫಿಕೇಟ್, ಕಾಣದ ಕೊಳ್ಳುವವ, ಮುಂಗಡ: ಈ ನಾಲ್ಕೂ ಕೂಡಿದ ಕಡೆ ನಾನು ಕಂಡದ್ದು ಬಹುಪಾಲು ಮೋಸವೇ. "ಕೆಂಪು ಪಾದರಸ" ಅನ್ನುವ ಇಲ್ಲದ ವಸ್ತುವನ್ನು ಬಾಂಬಿನ ಗುಟ್ಟು ಅಂತ ದಶಕಗಟ್ಟಲೆ ಮಾರಿದ್ದೂ ಇದೇ ದಾರಿಯಲ್ಲಿ. ಐಎಇಎಯ ದಾಖಲೆಯಲ್ಲಿ 1993ರಿಂದೀಚೆಗೆ 4,000ಕ್ಕೂ ಜಾಸ್ತಿ ಘಟನೆಗಳಿವೆ. ಕಳ್ಳಸಾಗಣೆಗೋ ಕೆಟ್ಟ ಉದ್ದೇಶಕ್ಕೋ ಸಂಬಂಧಿಸಿದ್ದು ಅಂತ ಗುರುತಿಸಿದ್ದು ಸುಮಾರು 350. ಉಳಿದವುಗಳಲ್ಲಿ ಕಳೆದುಹೋದದ್ದು, ಗುಜರಿಗೆ ಬಿದ್ದದ್ದು, ಎಲ್ಲೋ ಬಿಟ್ಟುಹೋದದ್ದೇ ಹೆಚ್ಚು.

ಆ ಗುಜರಿಗೆ ಬಿದ್ದದ್ದನ್ನು ಹಗುರವಾಗಿ ತಗೋಬೇಡಿ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರ ಸೆಪ್ಟೆಂಬರ್‌ನಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಇಬ್ಬರು ಒಂದು ಯಂತ್ರದ ಭಾಗ ಕಳಚಿ ಗುಜರಿಗೆ ಮಾರಿದರು. ಒಳಗಿದ್ದದ್ದು ಸೀಸಿಯಂ-137. ರಾತ್ರಿ ನೀಲಿಯಾಗಿ ಹೊಳೆಯುತ್ತಿತ್ತು. ಗುಜರಿಯವನು ಅದನ್ನು ಮನೆಗೆ ಒಯ್ದು ನೆಂಟರಿಗೆಲ್ಲ ಚೂರು ಚೂರು ಹಂಚಿದ. ಕೆಲವರು ಮೈಗೆ ಹಚ್ಚಿಕೊಂಡರು. ಮನೆಯವರೆಲ್ಲ ಒಟ್ಟಿಗೆ ಕಾಯಿಲೆ ಬಿದ್ದದ್ದನ್ನು ಗಮನಿಸಿದ್ದು ಆತನ ಹೆಂಡತಿ. ಅದನ್ನು ಚೀಲದಲ್ಲಿ ಹಾಕಿಸಿಕೊಂಡು, ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಒಯ್ದರು. ಆಕೆ ಹಾಗೆ ಮಾಡದಿದ್ದರೆ ಇನ್ನೆಷ್ಟು ಜನಕ್ಕೆ ಹರಡುತ್ತಿತ್ತೋ. ನಾಲ್ವರು ಸತ್ತರು, ಆಕೆಯೂ ಒಬ್ಬರು, ಆರು ವರ್ಷದ ಒಂದು ಹುಡುಗಿಯೂ ಒಬ್ಬಳು. 249 ಜನರ ಮೈಗೆ, ಬಟ್ಟೆಗೆ ಸೀಸಿಯಂ ಅಂಟಿತ್ತು. ವಿಕಿರಣ ಹರಡಿ ಭಯ ಹುಟ್ಟಿಸುವ "ಕೊಳಕು ಬಾಂಬ್" ಮಾಡುವವರಿಗೂ ಬೇಕಾಗೋದು ಇಂಥವೇ, ಯುರೇನಿಯಂ ಅಲ್ಲ.

ಹಾಗಾಗಿ ನಿಮ್ಮ ಮುಂದಿನ ದಾರಿ. ನಂಬರ್ ಬ್ಲಾಕ್ ಮಾಡಿ ಸುಮ್ನೆ ಇದ್ದುಬಿಡಬಹುದು. ಆಗ ಆತ ಇನ್ನೊಬ್ಬ ಕಾಗದಪತ್ರದವರನ್ನು ಹುಡುಕುತ್ತಾನೆ, ಮುಂದೆ ಆತ ಸಿಕ್ಕಿಬಿದ್ದ ದಿನ ಆತನ ಫೋನಿನಲ್ಲಿ ನಿಮ್ಮ ಹೆಸರೂ ಇರುತ್ತೆ. ಸಾಕ್ಷಿಗೆ ಅಂತ ಒಪ್ಪಿದಂತೆ ನಟಿಸಿ ಮಾತು ಮುಂದುವರಿಸಬಹುದು ಅಂತಲೂ ಅನ್ನಿಸಬಹುದು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಕೊಳ್ಳುವವರ ವೇಷದಲ್ಲಿರೋದು ಎಷ್ಟೋ ಸಲ ಪೊಲೀಸರೇ. ಬೆಲೆ ಕೇಳಿದ್ದು, ಕಾಗದದ ಮಾತಾಡಿದ್ದು ಒಳಸಂಚಿನ ಲೆಕ್ಕಕ್ಕೆ ಬರುತ್ತೆ. ನೀವು ನಟಿಸುತ್ತಿದ್ದಿರಿ ಅಂತ ಆಮೇಲೆ ರುಜುವಾತು ಮಾಡೋದು ಬಹಳ ಕಷ್ಟ.

ಉಳಿದಿರೋದು ದೂರು. ಅದರಲ್ಲೂ ಸ್ವಲ್ಪ ಕಿರಿಕಿರಿ ಇದೆ: ಹೇಳಿಕೆಗೆ ಕರೆಸುತ್ತಾರೆ, ತಡವಾಗಿ ಬಂದಿರಿ ಅಂತಲೂ ಕೇಳಬಹುದು. ತಡವಾದರೂ ನೀವಾಗಿಯೇ ಹೋದರೆ ಅದು ನಿಮ್ಮ ಪರವಾಗಿಯೇ ಇರುತ್ತೆ. ಆತನ ಮೆಸೇಜು, ಫೋಟೋ ಯಾವುದನ್ನೂ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ಭೇಟಿಯಾದ ದಿನ, ಜಾಗ, ಆತ ಹೇಳಿದ್ದು ಎಲ್ಲ ನೆನಪಿದ್ದಷ್ಟು ಇವತ್ತೇ ಬರೆದಿಡಿ. ಒಬ್ಬ ವಕೀಲರ ಹತ್ತಿರ ಮಾತಾಡಿ, ಪೊಲೀಸರಿಗೂ ದೇಶದ ಪರಮಾಣು ನಿಯಂತ್ರಣ ಸಂಸ್ಥೆಗೂ ಬರಹದಲ್ಲಿ ಕೊಡಿ. ಮೋಸ ಇರಬಹುದು ಅಂತ ನಾನು ಹೇಳಿದ್ದನ್ನು ನಂಬಿ ನೀವೇ ತೀರ್ಮಾನಕ್ಕೆ ಬರಬೇಡಿ. ಡಬ್ಬಿಯಲ್ಲಿರೋದು ಯಾವುದೋ ಆಸ್ಪತ್ರೆಯ ಹಳೆ ಯಂತ್ರದ್ದೂ ಆಗಿರಬಹುದು, ಅದನ್ನು ಮೀಟರ್ ಇರುವವರು ನೋಡಲಿ. ಮುಂದೆ ಆತ ಏನನ್ನಾದರೂ ನಿಮ್ಮ ಆಫೀಸಿನಲ್ಲಿ ತಂದಿಟ್ಟರೆ ತೆರೆಯಬೇಡಿ, ಗಾಡಿಯಲ್ಲಿ ಹಾಕಿಕೊಂಡು ಎಲ್ಲಿಗೂ ಒಯ್ಯಬೇಡಿ. ಅಲ್ಲೇ ಬಿಟ್ಟು, ಎಲ್ಲರನ್ನೂ ದೂರ ಕಳಿಸಿ, ಫೋನ್ ಮಾಡಿ.

ಕೊನೆಗೆ ನಿಮ್ಮ ಕೈ. ಅದು ನಿಜವಾಗಿ ಯುರೇನಿಯಂ ಅದಿರೇ ಆಗಿದ್ದರೂ, ಅದರ ಕಿರಣ ಮುಖ್ಯವಾಗಿ ಆಲ್ಫಾ ಬಗೆಯದು, ಚರ್ಮದ ಮೇಲ್ಪದರವನ್ನೂ ದಾಟಲ್ಲ. ಬೀಟಾ, ಗ್ಯಾಮಾ ಸ್ವಲ್ಪ ಇರುತ್ತೆ, ಆದರೆ ಒಂದೆರಡು ನಿಮಿಷ ಹಿಡಿದದ್ದರಿಂದ ಕ್ಯಾನ್ಸರ್ ಬರುತ್ತೆ ಅಂತ ಹೆದರುವಷ್ಟಲ್ಲ. ಧೂಳು ಉಸಿರಿಗೆ, ಬಾಯಿಗೆ ಹೋದರೆ ಮಾತ್ರ ಬೇರೆ ಮಾತು, ಆಗಲೂ ಮೊದಲು ಪೆಟ್ಟು ತಿನ್ನೋದು ಮೂತ್ರಪಿಂಡ, ಅದೂ ಯುರೇನಿಯಂ ಒಂದು ಭಾರ ಲೋಹ ಅನ್ನೋ ಕಾರಣಕ್ಕೆ. ಆ ದಿನ ಕೈ ತೊಳೆಯದೆ ಊಟ ಮಾಡಿದ್ದು ನೆನಪಿದ್ದರೆ, ಅಥವಾ ಕಲ್ಲು ಪುಡಿಪುಡಿಯಾಗಿ ಉದುರುತ್ತಿತ್ತು ಅಂದರೆ, ವೈದ್ಯರಿಗೆ ಹಾಗೇ ಹೇಳಿ ಮೂತ್ರಪಿಂಡದ ಸಾಮಾನ್ಯ ಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ಯುರೇನಿಯಂ ಅಳೆಯುವ ಪರೀಕ್ಷೆಯೂ ಇದೆ. ಆದರೆ ರಕ್ತಕ್ಕೆ ಸೇರಿದ ಯುರೇನಿಯಂನ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಹೊರಗೆ ಹೋಗಿಬಿಡುತ್ತೆ, ಹಾಗಾಗಿ ತಿಂಗಳಾದ ಮೇಲೆ ಮಾಡಿಸಿದರೆ ಸ್ಪಷ್ಟ ಉತ್ತರ ಸಿಗೋದು ಕಷ್ಟ. ಕೈ ಕೆಂಪಾಗಿ ಊದಿದ್ದು, ಬೊಬ್ಬೆ ಬಂದದ್ದು ಇದ್ದರೆ ಮಾತ್ರ ಇವತ್ತೇ ಆಸ್ಪತ್ರೆಗೆ ಹೋಗಿ. ಯುರೇನಿಯಂ ಕಲ್ಲು ಹಾಗೆ ಮಾಡಲ್ಲ, ಹಾಗೆ ಆಗಿದ್ದರೆ ನಿಮ್ಮ ಕೈಗೆ ಕೊಟ್ಟದ್ದು ಅಥವಾ ಹತ್ತಿರ ಇಟ್ಟಿದ್ದದ್ದು ಬೇರೆ ಏನೋ.